ಬೀಡಿಯನ್ನೂ ಬಿಡಲಿಲ್ಲ

"ಸಿಗರೇಟು ನನ್ನದು, ಶ್ವಾಸಕೋಶ ನನ್ನದು. ನಡುವೆ ಮೂಗು ತೂರಿಸೋಕೆ ಇವರ್ಯಾರು?" ಕ್ಯಾಂಪಸ್ಸಿನಲ್ಲಿ ತಂಬಾಕು ನಿಷೇಧವಾಗಿದ್ದಕ್ಕೆ ಗಿರಿ ಗುಡುಗಿದ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡೋ ನಮ್ಮ ಗುಂಪಿನಲ್ಲಿ ದಮ್ಮು ಸಿಗದಾಗ ಸಂವಿಧಾನ ನೆನಪಾಗೋದು ಅವನೊಬ್ಬನಿಗೇ.

"ಶ್ವಾಸಕೋಶ ನಿನ್ನದೇ. ಸಂಬಳ ಯಾರದು?" ಅಂದಳು ಸುಮಾ.

ಗಿರಿ ಸುಮ್ಮನಾದ. ಸಂಬಳ ಸಿಪ್ರಿಟ್‌ನದು, ಅಂದರೆ ಟೆಕ್ಸಸ್ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆಯದು. 2007ರಲ್ಲಿ ಮತದಾರರು 300 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿದ್ದರಿಂದ ಹುಟ್ಟಿದ ಸಂಸ್ಥೆ. 2012ರಲ್ಲಿ ಅದು ಹೊಸ ಷರತ್ತು ಹಾಕಿತು: ಅನುದಾನ ಬೇಕಾ, ಆವರಣದಲ್ಲಿ ತಂಬಾಕು ನಿಲ್ಲಿಸಿ. ಪೊಟ್ಟಣದ ಮೇಲಿನ ಎಚ್ಚರಿಕೆ ಕಾಣದವರಿಗೂ ಅನುದಾನದ ಷರತ್ತು ಕನ್ನಡಕವಿಲ್ಲದೆ ಕಂಡಿತು.

"ಒಳಗೆ ಇಲಿಯ ಗೆಡ್ಡೆ ಅಳೆದು, ಸುಸ್ತಾಯ್ತು ಅಂತ ಹೊರಗೆ ಬಂದು ದಮ್ಮೆಳೀತಿದ್ದೆಯಲ್ಲ, ಆ ಇಲಿ ಏನಂದ್ಕೋಬೇಕು?" ರಾಘು ಕೇಳಿದ.

"ಇಲಿಗೆ ಆಯ್ಕೆ ಇರಲಿಲ್ಲ, ನನಗಿದೆ!"

"ಅದನ್ನೇ ಇಲಿಯೂ ಹೇಳ್ತಿರಬೇಕು."

ರಾಘು ಫೋನಿನಲ್ಲಿ ನಿಯಮ ತೆರೆದ. ಕನಿಷ್ಠಪಕ್ಷ ಯೋಜನೆ ನಡೆಯೋ ಕಟ್ಟಡ, ಅದಕ್ಕಂಟಿದ ಕಾಲುದಾರಿ, ಪಾರ್ಕಿಂಗ್ ಜಾಗ ಇಷ್ಟಾದರೂ ತಂಬಾಕುಮುಕ್ತ ಆಗಬೇಕು. ನಮ್ಮವರೋ ಇಡೀ ಕ್ಯಾಂಪಸ್ಸನ್ನೇ ಸೇರಿಸಿಬಿಟ್ಟರು.

"ನೋಡಿ ಅನ್ಯಾಯ! ಇತಿಹಾಸದ ಮೇಷ್ಟ್ರಿಗೆ ಕ್ಯಾನ್ಸರ್ ಅನುದಾನದ ಬಿಡಿಗಾಸೂ ಬರಲ್ಲ, ಪೈಪು ಮಾತ್ರ ಹೋಯ್ತು," ಅಂದ ಗಿರಿ. ಇದೊಂದು ಮಾತಿಗೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಆದರೆ ಕಟ್ಟಡ ಕಟ್ಟಡಕ್ಕೂ ಗೆರೆ ಎಳೆದಿದ್ದರೆ ಹೊಗೆ ಗೆರೆ ನೋಡಿಕೊಂಡು ನಿಲ್ಲುತ್ತಿತ್ತೇ?

"ಪಟ್ಟಿ ಕೇಳು," ರಾಘು ಓದುತ್ತಾ ಹೋದ. "ಸಿಗರೇಟು, ಸಿಗಾರು, ಪೈಪು, ಹುಕ್ಕಾ, ಇ-ಸಿಗರೇಟು, ನಶ್ಯ, ಜಗಿಯೋ ತಂಬಾಕು... ಬೀಡಿ!"

"ಬೀಡೀನಾ? ಟೆಕ್ಸಸ್‌ನವರಿಗೆ ಬೀಡಿ ಗೊತ್ತಾ?" ಗಿರಿಯ ಮುಖ ಅರಳಿತು. ನಿಷೇಧವಾದರೂ ಸರಿ, ಗುರುತಿಸಿದರಲ್ಲ ಅನ್ನೋ ಖುಷಿ.

"ಚಟ ಬಿಡೋಕೆ ಸಿಬ್ಬಂದಿಗೆ ನೆರವೂ ಕೊಡಬೇಕಂತೆ," ಸುಮಾ ಸೇರಿಸಿದಳು.

"ನನಗೆ ನೆರವು ಬೇಡ, ಗ್ವಾಡಲೂಪ್ ಬೀದಿ ಸಾಕು. ಅದು ಕ್ಯಾಂಪಸ್ಸಿನ ಹೊರಗೆ." ಗಿರಿ ಎದ್ದು ಲೈಟರ್ ಹುಡುಕಿದ.

"ಹೋಗು. ಅನುದಾನ ಮುಂದುವರಿಸೋ ಅರ್ಜಿಗೆ ಇವತ್ತೇ ಕೊನೇ ದಿನ, ಮರೀಬೇಡ," ಅಂದಳು ಸುಮಾ.

ಗಿರಿ ಮತ್ತೆ ಕೂತ. "ಇಲಿಗಳ ಅಂಕಿಅಂಶ ಯಾರ ಹತ್ತಿರ ಇದೆ?"