ಕಾಗಿಣಾ ದಂಡೆಯ ಹಾಳೂರು: ಹಳೇ ನಕ್ಷೆ ಹಿಡಿದು ಹುಡುಕಿದವರು ಇದ್ದೀರಾ?

ಚಿತ್ತಾಪುರ ತಾಲೂಕಿನ ನಮ್ಮೂರು ಮೊದಲು ಕಾಗಿಣಾ ಹೊಳೆಯ ದಂಡೆಗೇ ಇತ್ತಂತೆ. ಹೊಳೆ ಬಂದು ಮನೆ ಬಿದ್ದ ಮೇಲೆ ಎತ್ತರಕ್ಕೆ ಸರಿಯಿತು ಅಂತ ನಮ್ಮಜ್ಜ ಹೇಳುತ್ತಿದ್ದರು. ಆ ಜಾಗ ಹುಡುಕಬೇಕು. ಸರ್ವೇ ಆಫ್ ಇಂಡಿಯಾದ ಹಳೇ ಒಂದಿಂಚು-ಒಂದು ಮೈಲಿ ನಕ್ಷೆಯ ಸ್ಕ್ಯಾನ್ ಸಿಕ್ಕಿದೆ. ಎಲ್ಲಿಂದ ಶುರು ಮಾಡಲಿ?

ಶಹಾಬಾದಿನಿಂದ:
ಮೊದಲು ಶೀಟ್ ನಂಬರ್ ನೋಡಿರಿ. ಚಿತ್ತಾಪುರ, ಮಳಖೇಡ 56 ಜಿ/4ರಲ್ಲಿವೆ, ಶಹಾಬಾದ್ 56 ಸಿ/16ರಲ್ಲಿ. ನಡುವೆ 77 ಡಿಗ್ರಿ ರೇಖಾಂಶ ಹಾಯುತ್ತೆ, ನಕ್ಷೆಯಲ್ಲಿ ಹೊಳೆ ಅಲ್ಲೇ ಎರಡು ಶೀಟಿಗೆ ತುಂಡಾಗುತ್ತೆ. ನಾನು ಒಂದೇ ಶೀಟ್ ಹಿಡಕೊಂಡು ಎರಡು ದಿನ ಒದ್ದಾಡಿದ್ದೆ, ಊರು ಪಕ್ಕದ ಶೀಟಿನಲ್ಲಿ ಕೂತಿತ್ತು! ಹೊಳೆಯ ಹೆಸರು 'ಕಾಗ್ನಾ' ಅಂತಲೂ ಇರಬಹುದು, ಕಣ್ಣು ತಪ್ಪೀತು. ಸರ್ವೇ ಆಫ್ ಇಂಡಿಯಾ ಈಗ ಜನರಿಗೆ ಕೊಡುವ ಓಪನ್ ಸೀರೀಸ್ ನಕ್ಷೆಯ ನಂಬರ್ ಬೇರೆ, ನಮ್ಮ ಕಡೆಯವು ಇ43ರಿಂದ ಶುರುವಾಗುತ್ತವೆ.

ಕಲಬುರಗಿಯಿಂದ:
ಸ್ಕ್ಯಾನನ್ನು ಮೊಬೈಲ್ ನಕ್ಷೆಯ ಮೇಲೆ ಸುಮ್ನೆ ಇಟ್ಟರೆ ಕೂರಲ್ಲ. ಭೂಮಿಯ ಆಕಾರಕ್ಕೆ ಹಳೇದು ಹಿಡಿದದ್ದು ಎವರೆಸ್ಟ್ ಅನ್ನೋ ಲೆಕ್ಕ, ಜಿಪಿಎಸ್‌ದು ಬೇರೆ ಲೆಕ್ಕ. ನಮ್ಮ ಭಾಗದಲ್ಲಿ ನೂರು ಮೀಟರಿಗೂ ಜಾಸ್ತಿ ಸರಿಯುತ್ತೆ. ನಾನು ಹೊಳೆಯ ತಿರುವನ್ನೇ ನಂಬಿ ಎರಡನ್ನೂ ಜೋಡಿಸಿದ್ದೆ. ತಪ್ಪು ಅದೇ, ದಂಡೆ ಸವೆದು ಸರಿದಿರುತ್ತೆ. ಆಮೇಲೆ ರೈಲು ಹಳಿ ಹಿಡಿದೆ. ವಾಡಿ-ಸಿಕಂದರಾಬಾದ್ ಲೈನ್ 1874ರದು, ಚಿತ್ತಾಪುರದ ಮೇಲೇ ಹೋಗುತ್ತೆ. ಹಳಿಗೆ ಹಳ್ಳ ಅಡ್ಡ ಬರುವ ಮೂರ್ನಾಲ್ಕು ಕಡೆ ಗುರುತು ಹಾಕಿದ ಮೇಲೆ ಸರಿಯಾಗಿ ಕೂತಿತು. ನೆಲದ ಎತ್ತರ ತೋರಿಸುವ ಕಾಂಟೂರ್ ಗೆರೆಗಳಿಂದ ಜಾಸ್ತಿ ಆಸೆ ಬೇಡ. 50 ಅಡಿ ಎತ್ತರಕ್ಕೆ ಒಂದು ಗೆರೆ ಅಂದ್ರೆ ನಮ್ಮ ಸಪಾಟು ಎರೆ ಹೊಲದಲ್ಲಿ ಏನು ಕಾಣುತ್ತೆ?

ಸೇಡಂನಿಂದ:
ನಕ್ಷೆಯಲ್ಲಿ ಬಾವಿ, ಗುಡಿ, ಬಂಡಿ ದಾರಿ ನೋಡಿರಿ. ಬಂಡಿ ದಾರಿ ಹೊಳೆಗೆ ಇಳಿಯುವ ಕಡೆ ಹಳೇ ಊರು ಇರೋದು ಜಾಸ್ತಿ. ನಾವು ಹೋದಾಗ ಜೋಳದ ಹೊಲದ ನಡುವೆ ಹನುಮಪ್ಪನ ಗುಡಿ ಒಂದೇ ನಿಂತಿತ್ತು. ಸುತ್ತ ಮಣ್ಣು ಬೂದಿ ಬಣ್ಣ, ಕಾಲಿಗೆ ಗಡಿಗೆ ಚೂರು ಸಿಗುತ್ತಿತ್ತು. ದನ ಕಾಯುವ ಮುತ್ಯಾ ಒಬ್ಬರು 'ಇದೇ ಹಾಳೂರು' ಅಂದರು. ಮೊದಲು ಅವರನ್ನೇ ಕೇಳಿದ್ದರೆ ಆಗುತ್ತಿತ್ತು, ಅಲ್ವಾ! ತಹಸೀಲ್ ಕಚೇರಿಯಲ್ಲಿ ಬೇಚರಾಕ್ ಗ್ರಾಮಗಳ, ಅಂದ್ರೆ ಜನವಸತಿ ಇಲ್ಲದ ಊರುಗಳ ಹೆಸರನ್ನೂ ಕೇಳಿರಿ.

ಯಾದಗಿರಿಯಿಂದ:
ಹೊಲದ ಗಡಿ ಜಗಳಕ್ಕೆ ಮಾತ್ರ ಈ ನಕ್ಷೆ ಒಯ್ಯಬೇಡಿ. ಅದರಲ್ಲಿ ಒಂದು ಮಿಲಿಮೀಟರ್ ಅಂದ್ರೆ ನೆಲದ ಮೇಲೆ 63 ಮೀಟರ್. ಅದಕ್ಕೆ ಹೊಲದ ಅಳತೆ ಇರುವ ಸರ್ವೇ ಟಿಪ್ಪಣಿ, ಗ್ರಾಮ ನಕ್ಷೆನೇ ಬೇಕು.

ಕೇಳಿದವರು:
ನನ್ನ ಹತ್ತಿರ ಇರೋದು 56 ಜಿ/4 ಒಂದೇ. ನಮ್ಮೂರು ಎಡ ಅಂಚಿಗೇ ಇದೆ, ಬಂಡಿ ದಾರಿ ಗೆರೆ ದಾಟಿ ಹೋಗಿದೆ. 56 ಸಿ/16 ಯಾರ ಹತ್ತಿರ ಇದೆ?