ಫ್ರೀಜರಿನಲ್ಲಿಟ್ಟ ವಾರದ ಅಡುಗೆ ಹದಗೆಡುತ್ತಿದೆ: ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯಲ್ಲಿ ಐದು ಜನ. ನಾನೂ ನನ್ನ ಪತಿಯೂ ಕೆಲಸ ಮುಗಿಸಿ ಮರಳುವಾಗ ಸಂಜೆ ಏಳು ದಾಟಿರುತ್ತದೆ. ಮಕ್ಕಳಿಬ್ಬರೂ ಎಂಟೂವರೆಗೆ ಮಲಗಬೇಕು, ಊಟ ತಡವಾದರೆ ನನ್ನ ತಾಯಿಯ ಔಷಧಿಯ ಹೊತ್ತು ತಪ್ಪುತ್ತದೆ. ಆದ್ದರಿಂದ ಒಂದು ತಿಂಗಳಿನಿಂದ ರಜೆಯ ದಿನವೇ ವಾರಕ್ಕೆ ಬೇಕಾದ ಅಡುಗೆಯನ್ನೆಲ್ಲ ಮಾಡಿ ಫ್ರೀಜರಿಗೆ ಸೇರಿಸುತ್ತಿದ್ದೇನೆ. ಬೆಳಗ್ಗೆ ಒಲೆಯ ಮುಂದೆ ನಿಂತರೆ ಮುಗಿಯುವಷ್ಟರಲ್ಲಿ ಎಂಟು ಗಂಟೆ ಕಳೆದಿರುತ್ತದೆ. ಮಾಡಿದ್ದನ್ನು ಮೂರು ಲೀಟರಿನ ಡಬ್ಬಿಗಳಿಗೆ ತುಂಬಿ, ರಾತ್ರಿ ಆರಿದ ಮೇಲೆ ಒಳಗಿಡುತ್ತೇನೆ.

ಇಷ್ಟಾದರೂ ವಾರದ ನಡುವೆ ಡಬ್ಬಿ ತೆಗೆದರೆ ಅದು ಕಲ್ಲಿನಂತಿದ್ದು, ಕರಗಲು ಗಂಟೆಗಟ್ಟಲೆ ಬೇಕಾಗುತ್ತದೆ. ಕರಗಿದ ಮೇಲೆ ಆಲೂಗಡ್ಡೆ ಹಿಟ್ಟುಹಿಟ್ಟಾಗಿರುತ್ತದೆ, ಕೆನೆ ಹಾಕಿದ ಗ್ರೇವಿ ಒಡೆದು ನೀರು ಬೇರೆಯಾಗಿರುತ್ತದೆ, ಮಕ್ಕಳು ಎರಡು ತುತ್ತಿಗೇ ತಟ್ಟೆ ಸರಿಸುತ್ತಾರೆ. ಕಳೆದ ವಾರ ಮಾಡಿದ್ದರಲ್ಲಿ ಅರ್ಧದಷ್ಟನ್ನು ಚೆಲ್ಲಬೇಕಾಯಿತು, ಆ ಬೇಸರ ಇನ್ನೂ ಹೋಗಿಲ್ಲ. ಈ ಕ್ರಮವನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅನುಭವವಿರುವವರು ದಯವಿಟ್ಟು ತಿದ್ದಿ ಹೇಳಬೇಕು.

ಮೊದಲ ಉತ್ತರ

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೂರು ಲೀಟರಿನ ಆ ಡಬ್ಬಿ. ಅಷ್ಟು ಆಳದ ಪಾತ್ರೆಯಲ್ಲಿ ಅಂಚು ಬೇಗ ಗಟ್ಟಿಯಾದರೂ ನಡುಭಾಗಕ್ಕೆ ತಂಪು ತಲುಪಲು ಬಹಳ ಹೊತ್ತು ಬೇಕು. ನೀರು ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಅದರ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಆ ದೊಡ್ಡ ಹರಳುಗಳು ತರಕಾರಿಯ ಮತ್ತು ಮಾಂಸದ ಜೀವಕೋಶಗಳನ್ನು ಸೀಳಿಬಿಡುವುದರಿಂದ, ಕರಗಿದಾಗ ಒಳಗಿನ ನೀರು ಸೋರಿ ಪದಾರ್ಥ ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿಯೇ ಉಳಿದು ಹಾನಿ ಕಡಿಮೆಯಾಗುತ್ತದೆ. 1910ರ ದಶಕದಲ್ಲಿ ಈಗ ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರಿನಲ್ಲಿದ್ದ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, ಅಲ್ಲಿಯ ಇನುಯಿಟ್ ಜನರು ಹಿಡಿದ ಮೀನು ಕೊರೆಯುವ ಚಳಿಗೆ ಕೂಡಲೇ ಗಟ್ಟಿಯಾಗಿ, ತಿಂಗಳುಗಳ ನಂತರ ಕರಗಿಸಿದಾಗಲೂ ತಾಜಾ ರುಚಿಯನ್ನೇ ಕೊಡುವುದನ್ನು ಗಮನಿಸಿದರು. ಇಂದಿನ ಹೆಪ್ಪುಗಟ್ಟಿಸಿದ ಆಹಾರದ ಉದ್ಯಮ ಬೆಳೆದದ್ದು ಆ ಗಮನಿಕೆಯಿಂದಲೇ.

ಮನೆಯ ಫ್ರೀಜರಿನಲ್ಲಿ ಅಷ್ಟು ವೇಗ ಸಿಗುವುದಿಲ್ಲ, ಆದರೆ ಪದಾರ್ಥವನ್ನು ತೆಳ್ಳಗೆ ಹರಡುವುದು ನಮ್ಮ ಕೈಯಲ್ಲಿದೆ. ಒಂದು ಹೊತ್ತಿಗೆ ಐವರಿಗೆ ಬೇಕಾಗುವಷ್ಟನ್ನು ಮಾತ್ರ ಫ್ರೀಜರಿಗೆಂದೇ ಮಾಡಿದ ಜಿಪ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ತಟ್ಟೆಯ ಮೇಲೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿ ಮಲಗಿಸಿ. ಗಟ್ಟಿಯಾದ ಮೇಲೆ ಚೀಲಗಳನ್ನು ಪುಸ್ತಕಗಳಂತೆ ನಿಲ್ಲಿಸಿದರೆ ಜಾಗವೂ ಉಳಿಯುತ್ತದೆ. ಡಬ್ಬಿಯನ್ನೇ ಬಳಸುವುದಾದರೆ ಮೇಲೆ ಎರಡು ಸೆಂಟಿಮೀಟರಿನಷ್ಟು ಜಾಗ ಬಿಡಿ, ಏಕೆಂದರೆ ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಗಾಜಿನ ಪಾತ್ರೆಗಳು ಸೀಳುವುದು ಇದರಿಂದಲೇ. ಫ್ರೀಜರಿನ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಲಿ. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಒಳಗಿನ ತಂಪೇ ಇಳಿದುಹೋಗಿ, ಮೊದಲಿದ್ದ ಪದಾರ್ಥಗಳೂ ಕೆಡುತ್ತವೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪೂರ್ತಿ ಊಟವನ್ನೇ ಹೆಪ್ಪುಗಟ್ಟಿಸಬೇಕೆಂಬ ಎಣಿಕೆಯನ್ನೇ ನೀವು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ. ವಾರದ ಸಂಜೆಗಳಲ್ಲಿ ಹೊತ್ತು ತಿನ್ನುವ ಕೆಲಸಗಳನ್ನು ಗಮನಿಸಿ: ಕಾಳು ನೆನೆಸಿ ಬೇಯಿಸುವುದು, ಈರುಳ್ಳಿಯನ್ನು ಕಂದುಬಣ್ಣಕ್ಕೆ ಬರುವವರೆಗೆ ಹುರಿಯುವುದು, ಟೊಮೆಟೊವನ್ನು ಕುದಿಸಿ ಗಟ್ಟಿಗೊಳಿಸುವುದು, ಮಾಂಸವನ್ನು ಮೆತ್ತಗೆ ಬೇಯಿಸುವುದು. ಅದೃಷ್ಟವಶಾತ್ ಇವೆಲ್ಲವೂ ಫ್ರೀಜರಿನಲ್ಲಿ ಚೆನ್ನಾಗಿ ಬಾಳುವ ಪದಾರ್ಥಗಳೇ. ಹೆಪ್ಪುಗಟ್ಟಿದರೆ ಹಾಳಾಗುವ ಆಲೂಗಡ್ಡೆ, ಕೆನೆ, ಮೊಸರು, ಹಸಿ ಸೊಪ್ಪು ಇವುಗಳನ್ನು ಬಿಸಿ ಮಾಡುವಾಗ ಸೇರಿಸಲು ಹತ್ತು ಹದಿನೈದು ನಿಮಿಷ ಸಾಕು. ಬೇಯಿಸಿದ ಕಾಳು ಮತ್ತು ಈರುಳ್ಳಿ-ಟೊಮೆಟೊ ಮಸಾಲೆಯ ಒಂದೊಂದು ಚೀಲವಿದ್ದರೆ, ಒಂದು ದಿನ ಅದು ಗ್ರೇವಿಯಾಗುತ್ತದೆ, ಇನ್ನೊಂದು ದಿನ ಸೂಪ್ ಆಗುತ್ತದೆ. ಮಕ್ಕಳಿಗೆ ಒಂದೇ ರುಚಿ ಮತ್ತೆ ಮತ್ತೆ ಬರುವುದಿಲ್ಲ.

ಸಣ್ಣದಾದರೂ ಮುಖ್ಯವಾದ ಕೆಲವು ವಿಷಯಗಳಿವೆ. ಕ್ಯಾರೆಟ್, ಬೀನ್ಸ್ ಮೊದಲಾದವುಗಳನ್ನು ಹದಕ್ಕಿಂತ ಸ್ವಲ್ಪ ಮೊದಲೇ ಇಳಿಸಿ, ಉಳಿದದ್ದು ಬಿಸಿ ಮಾಡುವಾಗ ಬೇಯುತ್ತದೆ. ಜೋಳದ ಪಿಷ್ಟ ಹಾಕಿ ಗಟ್ಟಿ ಮಾಡಿದ ಗ್ರೇವಿ ಕರಗುವಾಗ ನೀರು ಬಿಡುತ್ತದೆ, ಆದ್ದರಿಂದ ಅದನ್ನು ಕೊನೆಗೆ ಸೇರಿಸಿ. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನಂತಾಗುತ್ತದೆ. ಬೆಳ್ಳುಳ್ಳಿ, ಲವಂಗ, ಕರಿಮೆಣಸುಗಳ ಘಾಟು ಫ್ರೀಜರಿನಲ್ಲಿ ಹೆಚ್ಚಿ ಕಹಿಗೆ ತಿರುಗಬಹುದಾದ್ದರಿಂದ, ಮೊದಲು ಕಡಿಮೆ ಹಾಕಿ, ಬಡಿಸುವ ಮುನ್ನ ರುಚಿ ನೋಡಿ ಸರಿಪಡಿಸಿಕೊಳ್ಳಿ.

ಆ ಎಂಟು ಗಂಟೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ವಾರಕ್ಕೆ ನಿಮಗಿರುವುದು ಒಂದೇ ರಜೆ, ಅದನ್ನು ಒಲೆಗೆ ಪೂರ್ತಿಯಾಗಿ ಒಪ್ಪಿಸಬೇಡಿ. ಕಾಳು ಬೇಯಿಸುವ ದಿನ ಎರಡರಷ್ಟು ಬೇಯಿಸಿ, ಅರ್ಧವನ್ನು ಎತ್ತಿಡಿ. ಹೀಗೆ ವಾರಕ್ಕೆ ಎರಡು ಬಾರಿ ಮಾಡಿದರೂ ತಿಂಗಳಲ್ಲಿ ಎಂಟು ಚೀಲಗಳು ಕೂಡುತ್ತವೆ, ಬೇರೆ ದಿನ ಮೀಸಲಿಡುವ ಅಗತ್ಯವೇ ಬೀಳುವುದಿಲ್ಲ.

ಮೂರನೆಯ ಉತ್ತರ

ಬೆಳಗ್ಗೆ ಮಾಡಿದ್ದನ್ನು ರಾತ್ರಿ ಆರಿದ ಮೇಲೆ ಒಳಗಿಡುತ್ತೇನೆ ಎಂದು ಬರೆದಿದ್ದೀರಿ. ರುಚಿಗಿಂತ ಹೆಚ್ಚಾಗಿ ನನಗೆ ಆತಂಕವಾದದ್ದು ಅದನ್ನು ಓದಿ, ವಯಸ್ಸಾದವರೂ ಮಕ್ಕಳೂ ಇರುವ ಮನೆಯಲ್ಲಂತೂ ಇದನ್ನು ಮುಂದುವರಿಸಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ. ಫ್ರೀಜರು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವುಗಳನ್ನು ಕೊಲ್ಲುವುದಿಲ್ಲ. ಬೇಯಿಸಿದ ಆಹಾರ ಎರಡು ಗಂಟೆಯೊಳಗೆ ತಂಪಿನ ಜಾಗ ಸೇರಬೇಕು, ಸುತ್ತಲಿನ ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆಯೊಳಗೆ. ಅಗಲವಾದ ತಟ್ಟೆಗಳಿಗೆ ಸುರಿದು, ಆ ತಟ್ಟೆಗಳನ್ನು ತಣ್ಣೀರಿನಲ್ಲಿಟ್ಟು ಕೈಯಾಡಿಸಿದರೆ ಬೇಗ ಆರುತ್ತದೆ.

ಅನ್ನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದಷ್ಟೂ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಸಿ ಪಾತ್ರೆ ಒಳಗಿಟ್ಟರೆ ಯಂತ್ರ ಕೆಡುತ್ತದೆಂದು ಹೆದರಿ ಅಷ್ಟು ಹೊತ್ತು ಹೊರಗಿಡುತ್ತಿದ್ದೆ, ಇನ್ನು ಹಾಗೆ ಮಾಡುವುದಿಲ್ಲ. ಇನ್ನೊಂದು ಸಂದೇಹ ಉಳಿದಿದೆ: ಹಿಂದಿನ ರಾತ್ರಿ ಚೀಲ ತೆಗೆದಿಡಲು ಮರೆತರೆ, ಬೆಳಗ್ಗೆ ಅದನ್ನು ಅಡುಗೆಕಟ್ಟೆಯ ಮೇಲಿಟ್ಟು ಕೆಲಸಕ್ಕೆ ಹೋಗಬಹುದೇ? ಕರಗಿದ್ದು ಮಿಕ್ಕರೆ ಮತ್ತೆ ಹೆಪ್ಪುಗಟ್ಟಿಸಬಹುದೇ?

ಮೊದಲ ಉತ್ತರ ಬರೆದವರು

ಕಟ್ಟೆಯ ಮೇಲೆ ಇಡಬೇಡಿ. ಒಳಗಿನದು ಗಟ್ಟಿಯಾಗಿರುವಾಗಲೇ ಹೊರಪದರ ಅಪಾಯದ ಉಷ್ಣತೆಗೆ ಬಂದು ದಿನವಿಡೀ ಅಲ್ಲಿಯೇ ಉಳಿಯುತ್ತದೆ. ಬೆಳಗ್ಗೆ ನೆನಪಾದರೆ ಫ್ರಿಜ್ಜಿನ ಕೆಳಗಿನ ಶೆಲ್ಫಿಗೆ ವರ್ಗಾಯಿಸಿ, ಚಪ್ಪಟೆ ಚೀಲವಾದ್ದರಿಂದ ಸಂಜೆಗೆ ಬಹುಪಾಲು ಕರಗಿರುತ್ತದೆ. ಸಂಜೆಯೇ ನೆನಪಾದರೆ ನೀರು ಒಳಗೆ ನುಗ್ಗದಂತೆ ಮುಚ್ಚಿದ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಗ್ರೇವಿ, ಸೂಪ್‌ಗಳಿಗಂತೂ ಕರಗಿಸುವ ಅಗತ್ಯವೇ ಇಲ್ಲ: ತಳದಲ್ಲಿ ಸ್ವಲ್ಪ ನೀರು ಹಾಕಿ, ಹಲಗೆಯಂತೆ ಗಟ್ಟಿಯಾದದ್ದನ್ನು ಮುರಿದು ಪಾತ್ರೆಗಿಳಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಕರಗಿಸಿ, ಆಮೇಲೆ ಚೆನ್ನಾಗಿ ಕುದಿಸಿ. ಬೇರೆ ಪದಾರ್ಥಗಳ ನಡುಭಾಗ 74 ಡಿಗ್ರಿಗೆ ಮುಟ್ಟಬೇಕು.

ಫ್ರಿಜ್ಜಿನೊಳಗೇ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಅಪಾಯವಿಲ್ಲ, ಹದ ಮಾತ್ರ ಇನ್ನಷ್ಟು ಇಳಿಯುತ್ತದೆ. ಪ್ರತಿ ಚೀಲದ ಮೇಲೂ, ಅದು ಇನ್ನೂ ಒಣಗಿರುವಾಗಲೇ, ಪದಾರ್ಥದ ಹೆಸರು, ದಿನಾಂಕ ಮತ್ತು ಎಷ್ಟು ಜನಕ್ಕೆ ಎಂಬುದನ್ನು ಬರೆದು, ಎರಡು ಮೂರು ತಿಂಗಳೊಳಗೆ ಬಳಸಿ. ಅದಕ್ಕೂ ಹೆಚ್ಚು ಕಾಲ ಇಟ್ಟರೆ ವಿಷವಾಗುವುದಿಲ್ಲ, ಆದರೆ ಮೇಲ್ಮೈ ಒಣಗಿ ಬಿಳಿಚಿಕೊಂಡು, ಮಕ್ಕಳು ಮತ್ತೆ ತಟ್ಟೆ ಸರಿಸುವಂತಾಗುತ್ತದೆ.