ಬೆಳಗಿನ ಜಾವದ ಟೊಮೆಟೊ ಹಿಂದಿನ ದಿನಕ್ಕೆ ಸೇರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ಆ್ಯಪ್ ಮಾಡಿಕೊಟ್ಟಿದ್ದೇನೆ. ಡೇಟಾ ಗೂಗಲ್‌ನ ಫೈರ್‌ಸ್ಟೋರ್ ಡೇಟಾಬೇಸ್‌ನಲ್ಲಿದೆ. ಬೆಳಗಿನ ಜಾವ ನಾಲ್ಕಕ್ಕೆ ಇಳಿದ ಮಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಿದೆ. ಏಳರ ಮೇಲೆ ಬಂದದ್ದು ಸರಿಯಾಗಿದೆ. ಮೊನ್ನೆ ಒಬ್ಬ ರೈತರು ‘ನನ್ನ 40 ಬಾಕ್ಸ್ ಎಲ್ಲಿ?’ ಎಂದು ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ತಾರೀಖನ್ನು ಸುಮ್ನೆ ‘05-03-2025’ ಅಂತ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಇಟ್ಟುಬಿಡಲಾ?

ಉತ್ತರ: ಬೇಡ. ನಿಮ್ಮ ಡೇಟಾ ಹಾಳಾಗಿಲ್ಲ, ಮೊದಲು ಆ ರೈತರಿಗೆ ಧೈರ್ಯ ಹೇಳಿ. ಫೈರ್‌ಸ್ಟೋರ್‌ನ ಟೈಮ್‌ಸ್ಟ್ಯಾಂಪ್ (ಹೊತ್ತಿನ ಗುರುತು) ಆ ಕ್ಷಣವನ್ನಷ್ಟೇ ಇಟ್ಟುಕೊಳ್ಳುತ್ತದೆ. ಟೈಮ್‌ಝೋನ್ ಅದರಲ್ಲಿ ಇರುವುದಿಲ್ಲ. ನಮ್ಮ ಗಡಿಯಾರ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಐದೂವರೆ ಗಂಟೆ ಮುಂದೆ. ಕೋಲಾರದಲ್ಲಿ ಮಾರ್ಚ್ 5ರ ಬೆಳಗ್ಗೆ 4 ಗಂಟೆ ಆಗಿದ್ದರೆ ಯುಟಿಸಿಯಲ್ಲಿ ಇನ್ನೂ ಮಾರ್ಚ್ 4ರ ರಾತ್ರಿ 10:30. ದಿನದ ಲೆಕ್ಕ ಕ್ಲೌಡ್ ಫಂಕ್ಷನ್‌ನಲ್ಲಿ (ಗೂಗಲ್ ಸರ್ವರ್‌ನಲ್ಲಿ ಓಡುವ ಕೋಡ್) ಮಾಡುತ್ತಿದ್ದೀರಿ ಅಲ್ವಾ? ಅಲ್ಲಿ ನಡೆಯುವುದು ಯುಟಿಸಿ. ಹಾಗಾಗಿ ಐದೂವರೆಗೆ ಮುಂಚೆ ಇಳಿದದ್ದೆಲ್ಲ ಹಿಂದಿನ ದಿನಕ್ಕೆ ಬೀಳುತ್ತದೆ. ಉಳಿಸುವ ಕೋಡ್ ಮುಟ್ಟಬೇಡಿ, ಲೆಕ್ಕದ ಕೋಡ್ ತಿದ್ದಿ. ಮಾರ್ಚ್ 5ರ ಲೆಕ್ಕ ಬೇಕಿದ್ದರೆ ಯುಟಿಸಿಯ 4ರ 18:30ರಿಂದ 5ರ 18:30ರವರೆಗೆ ಹುಡುಕಿ. ತೋರಿಸುವಾಗ ‘ಏಷ್ಯಾ/ಕೋಲ್ಕತ್ತಾ’ ಝೋನ್ (ಭಾರತದ ಸಮಯ) ಕೊಡಿ.

ನೀವು ಹೇಳಿದ ಸ್ಟ್ರಿಂಗ್ ಇಟ್ಟರೆ ಜನವರಿಯ ‘12-01-2025’ ಮಾರ್ಚ್‌ನ ‘05-03-2025’ರ ನಂತರ ಬರುತ್ತದೆ. ಸ್ಟ್ರಿಂಗ್ ಹೋಲಿಕೆ ಎಡಗಡೆಯಿಂದ ಒಂದೊಂದೇ ಅಕ್ಷರ ನೋಡುತ್ತದೆ, ತಿಂಗಳು ಅದಕ್ಕೆ ಗೊತ್ತಿಲ್ಲ.

ಪ್ರಶ್ನೆ: ಹಮಾಲರ ಫೋನಿನ ಟೈಮೇ ತಪ್ಪಿದ್ದರೆ? ಮಾರ್ಕೆಟ್ಟಲ್ಲಿ ಜನ ಜಾಸ್ತಿಯಾದರೆ ನೆಟ್‌ವರ್ಕೂ ಹೋಗುತ್ತದೆ.

ಉತ್ತರ: ಸರ್ವರ್ ಟೈಮ್‌ಸ್ಟ್ಯಾಂಪ್ ಬಳಸಿ, ಆದರೆ ಅದೊಂದನ್ನೇ ನಂಬಬೇಡಿ. ನೆಟ್ ಇಲ್ಲದಾಗ ಮಾಡಿದ ಎಂಟ್ರಿಗೆ, ಅದು ಸರ್ವರ್ ಮುಟ್ಟಿದ ಹೊತ್ತು ಬೀಳುತ್ತದೆ. ಮಾಲು ಇಳಿದ ಹೊತ್ತನ್ನು ಫೋನಿನಿಂದ ಒಂದು ಫೀಲ್ಡಿಗೆ, ಸರ್ವರ್ ಹೊತ್ತನ್ನು ಇನ್ನೊಂದಕ್ಕೆ ಹಾಕಿ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಆ ಎಂಟ್ರಿಯನ್ನು ಮಂಡಿಯವರಿಗೆ ತೋರಿಸಿ. ರೈತರ ದುಡ್ಡಿನ ವಿಷಯ, ಊಹೆ ಮಾಡಬಾರದು.

ಇನ್ನೊಬ್ಬರು: ನಾನು ಚಿಕ್ಕಬಳ್ಳಾಪುರದವನು, ಅಮೆಜಾನ್‌ನ ಡೈನಮೊಡಿಬಿ ಡೇಟಾಬೇಸ್ ಬಳಸುತ್ತೇನೆ. ಅದರಲ್ಲಿ ತಾರೀಖಿನ ಟೈಪೇ ಇಲ್ಲವಲ್ಲ?

ಉತ್ತರ: ಹೌದು. ‘2025-03-04ಟಿ22:30:00ಝಡ್’ ರೀತಿಯ, ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಸ್ಟ್ರಿಂಗ್ ಇಡಿ (ಕೋಡಿನಲ್ಲಿ ಟಿ, ಝಡ್ ಇಂಗ್ಲಿಷ್ ಅಕ್ಷರಗಳೇ; ಝಡ್ ಅಂದರೆ ಯುಟಿಸಿ). ವರ್ಷ ಮೊದಲು ಬರುವುದರಿಂದ ಇದು ಸರಿಯಾಗಿ ಸಾಲಾಗುತ್ತದೆ. ಹಳೆಯ ದಾಖಲೆ ತಾನಾಗಿ ಅಳಿಸುವ ಟಿಟಿಎಲ್‌ಗೆ ಮಾತ್ರ 1970ರಿಂದ ಎಣಿಸಿದ ಸೆಕೆಂಡುಗಳ ಸಂಖ್ಯೆಯೇ ಬೇಕು. ಜಾವಾಸ್ಕ್ರಿಪ್ಟ್ ಕೊಡುವುದು ಮಿಲಿಸೆಕೆಂಡ್, 1000ದಿಂದ ಭಾಗಿಸಿ.

ಪ್ರಶ್ನೆ: ಮೇಡಂ, ರೈತರ ಮುಂಗಡ ತೀರಿಸುವ ಕಡೇ ದಿನ?

ಉತ್ತರ: ಅದು ದಿನ, ಕ್ಷಣವಲ್ಲ. ಟೈಮ್‌ಸ್ಟ್ಯಾಂಪ್ ಬೇಡ, ‘2025-03-05’ ಅಂತಲೇ ಇಡಿ.